ಅವಾರ್ಡ್ ಫಂಕ್ಷನ್ ನೋಡೋಕೆ ಸೀಟಾ, ಬ್ಯಾರಿಕೇಡಾ, ಇಲ್ಲಾ ಹಂಪಿ ಉತ್ಸವನೇ ಸಾಕಾ?

ಮೊದ್ಲೇ ಹೇಳಿಬಿಡ್ತೀನಿ, ಬಳ್ಳಾರಿಯಿಂದ ಬೆಂಗಳೂರಿಗೆ ಸಿನಿಮಾ ಅವಾರ್ಡ್ ಫಂಕ್ಷನ್ ನೋಡೋಕೆ ಹೋಗೋದಾದ್ರೆ ನನ್ ಓಟು ರೆಡ್ ಕಾರ್ಪೆಟ್ ಪಕ್ಕ ಬ್ಯಾರಿಕೇಡ್ ಹಿಂದೆ ನಿಂತ್ಕೊಳ್ಳೋ ಪಾಸಿಗೆ. ಒಳಗೆ ಕುರ್ಚಿ ಕೊಡೋ ಪಾಸು ಅದರ ನಾಕು ಪಟ್ಟು ರೇಟು, ಅದನ್ನೂ ತಗೊಂಡು ನೋಡಿದೀನಿ, ಇನ್ನೊಂದ್ಸಲ ತಗೊಳಲ್ಲ. ಟೀವಿ ಬಗ್ಗೆ ಏನ್ ಹೇಳಾದು, ಫಂಕ್ಷನ್ ಮುಗಿದು ವಾರಗಟ್ಲೆ ಆದ್ಮೇಲೆ ಹಾಕ್ತಾರೆ, ಅಷ್ಟೊತ್ತಿಗೆ ಯಾರಿಗೆ ಏನ್ ಬಂತು ಅಂತ ಬಳ್ಳಾರಿ ಬಸ್‌ಸ್ಟ್ಯಾಂಡಿನಾಗೆ ಮಿರ್ಚಿ ಕರಿಯೋರಿಗೂ ಗೊತ್ತಿರುತ್ತೆ.

ಒಳಗೆ ಕೂತೋರ ಕಣ್ಣಿಗೆ ಅದು ಫಂಕ್ಷನ್ ಅಲ್ಲ ಬಿಡ್ರಿ, ಶೂಟಿಂಗು. ಆ್ಯಂಕರು ಒಂದು ಸಾಲು ತಪ್ಪಿದ್ರೆ ಮತ್ತೆ ಹೇಳ್ತಾರೆ, ಡ್ಯಾನ್ಸಿಗೂ ಡ್ಯಾನ್ಸಿಗೂ ನಡುವೆ ಸ್ಟೇಜು ಕತ್ತಲು, ಹೆಡ್‌ಸೆಟ್ ಹಾಕ್ಕೊಂಡ ಹುಡುಗ ಬಂದು ಈಗ ಚಪ್ಪಾಳೆ ಹೊಡೀರಿ ಅಂತಾನೆ, ಹೀರೋ ಇನ್ನೂ ಸ್ಟೇಜ್ ಹತ್ತೇ ಇರಲ್ಲ. ನಮ್ ಕುರ್ಚಿ ಮುಂದೆ ಕ್ಯಾಮೆರಾ ಕ್ರೇನು ಬೇರೆ ಆ ಕಡೆ ಈ ಕಡೆ ತೂಗ್ತಿತ್ತು, ಕೊನೆಗೆ ಎಲ್ಲರೂ ನೋಡಿದ್ದು ಸೈಡಿನ ಎಲ್‌ಇಡಿ ಪರದೆನೇ.

ಇದೆಲ್ಲಾ ಸಹಿಸ್ಕೋಬೋದು, ಬ್ಯಾಗಿನ ವಿಷಯ ಮಾತ್ರ ಆಗಲ್ಲ. ಬಳ್ಳಾರಿಯಿಂದ ಹಂಪಿ ಎಕ್ಸ್‌ಪ್ರೆಸ್ಸಿಗೆ ಹೋದೋರ ಹತ್ರ ಬ್ಯಾಗ್ ಇರದೇ ಏನಿರುತ್ತೆ? ಒಂದು ಜೊತೆ ಬಟ್ಟೆ, ಚಾರ್ಜರು, ಪವರ್ ಬ್ಯಾಂಕು, ಅಕ್ಕ ಕಟ್ಟಿಕೊಟ್ಟ ರೊಟ್ಟಿ. ಪಾಸಿನ ಮೆಸೇಜಿನಾಗೆ ಟೈಮು, ಗೇಟ್ ನಂಬರು, ಡ್ರೆಸ್ ಹೆಂಗಿರ್ಬೇಕು ಎಲ್ಲಾ ಇತ್ತು, ಬ್ಯಾಗ್ ಸುದ್ದಿನೇ ಇಲ್ಲ. ಗೇಟಿನಾಗೆ ಸೆಕ್ಯುರಿಟಿಯವ್ರು "ಬ್ಯಾಗ್ ಬಿಡಲ್ಲ ಸಾರ್" ಅಂದ್ರು. ಅಣ್ಣಾ ದೂರದಿಂದ ಬಂದೀವಿ, ಎಲ್ಲಿ ಇಡಾದು ಅಂದ್ರೆ "ಕಾರಲ್ಲಿ ಇಟ್ಟು ಬನ್ನಿ" ಅಂತಾರೆ. ಕಾರಂತೆ! ಕಾರಿದ್ರೆ ನಾನು ಸ್ಲೀಪರ್ ಬೋಗಿನಾಗೆ ಅಪ್ಪರ್ ಬರ್ತ್ ಹತ್ತಿ ಯಾಕ್ ಬರ್ತಿದ್ದೆ.

ಎದುರಿಗೆ ಒಂದು ಬೀಡಾ ಅಂಗಡಿ, ಅವ್ನು ಇದನ್ನೇ ಆ ದಿನದ ದಂಧೆ ಮಾಡ್ಕೊಂಡಿದ್ದ, ಒಂದು ಬ್ಯಾಗಿಗೆ ನೂರು ರೂಪಾಯಿ, ಚೀಟಿ ಇಲ್ಲ, ನಂಬರ್ ಇಲ್ಲ, ಸಿಗರೇಟ್ ಪ್ಯಾಕಿನ ತುಂಡಿನ ಮೇಲೆ ಹೆಸರು ಬರ್ದು ಜಿಪ್ಪಿಗೆ ಸಿಗಿಸಿದ. "ಹನ್ನೊಂದಕ್ಕೆ ಬಾಗ್ಲು ಹಾಕ್ತೀನಿ ನೋಡಿ" ಅಂತ ಬೇರೆ ಅಂದ. ಇನ್ನು ಒಳಗೆ ಕೂತು ಏನ್ ನೋಡ್ತೀರಿ ಹೇಳ್ರಿ. ಬೆಸ್ಟ್ ಆ್ಯಕ್ಟರ್ ಇರ್ಲಿ, ಬೆಸ್ಟ್ ಸಿಂಗರ್ ಕೂಡ ಬಂದಿರ್ಲಿಲ್ಲ, ಹತ್ತೂಮುಕ್ಕಾಲಿಗೆ ಎದ್ದು ಹೊರಗೆ ಬಂದೆ, ಬಂದ್ಮೇಲೆ ವಾಪಸ್ ಒಳಗೆ ಬಿಡಲ್ಲ. ಅಷ್ಟೊತ್ತಿಗೆ ಹಂಪಿ ಎಕ್ಸ್‌ಪ್ರೆಸ್ಸೂ ಹೋಗಿತ್ತು. ಮೆಜೆಸ್ಟಿಕ್ ತಂಕ ಆಟೋ, ಅಲ್ಲೊಂದು ಲಾಡ್ಜು, ಲೆಕ್ಕ ಹಾಕಿದ್ರೆ ಪಾಸಿನ ದುಡ್ಡಿಗಿಂತ ಇದೇ ಜಾಸ್ತಿ ಆತು.

(ಬ್ಯಾಗನ್ನ ರೈಲ್ವೆ ಸ್ಟೇಷನ್ ಕ್ಲೋಕ್ ರೂಮಿನಾಗೆ ಇಡ್ಬೋದು, ಆದ್ರೆ ಬೀಗ ಹಾಕದ ಬ್ಯಾಗ್ ತಗೊಳಲ್ಲ, ಟಿಕೆಟ್ಟೂ ತೋರಿಸ್ಬೇಕು. ಸಣ್ಣ ಬೀಗ ಒಂದು ಊರಿಂದನೇ ಒಯ್ರಿ.)

ಈಗ ಬ್ಯಾರಿಕೇಡ್. ಮುಂದಿನ ಸಲ ಹೋದಾಗ ಬರೀ ಜೇಬಿನಾಗೆ ಫೋನು ಇಟ್ಕೊಂಡು ಹೋದೆ. ನಾಲ್ಕು ಗಂಟೆಗೇ ನಿಂತ್ರೆ ಮುಂದಿನ ಸಾಲು ಸಿಗುತ್ತೆ, ಕಾಲು ನೋಯ್ತವೆ, ನೀರು ಸಿಗಲ್ಲ, ಸಣ್ಣ ಸ್ಟಾರ್‌ಗಳು ಎರಡು ಸೆಕೆಂಡಿಗೊಬ್ರು ಬರ್ತಾರೆ, ದೊಡ್ಡ ಸ್ಟಾರ್‌ಗಳು ಬರೋದು ಕತ್ತಲಾದ್ಮೇಲೆ. ಆದ್ರೆ ಬಂದ್ರೆ ಕೈಯಳತೆ ದೂರ. ನಮ್ಮ ಮುಂದೆ ಒಬ್ಬ ಹೀರೋಯಿನ್ನು ನಿಂತಾಗ ಲಂಗದ ಅಂಚಿಗೆ ಸೇಫ್ಟಿ ಪಿನ್ ಹಾಕಿದ್ದು ಸೈತ ಕಾಣ್ತು, ಹಿಂದೆ ಒಂದು ಹುಡುಗಿ ಬಗ್ಗಿ ಬಗ್ಗಿ ಅದನ್ನ ಸರಿ ಮಾಡ್ತಾನೇ ಇದ್ಲು. ಇದು ಟೀವಿಲೂ ಬರಲ್ಲ, ಕುರ್ಚಿಲೂ ಕಾಣಲ್ಲ. ಎಂಟೂವರೆಗೆ ಎಲ್ಲಾ ಮುಗೀತು, ಆರಾಮಾಗಿ ಇಡ್ಲಿ ತಿಂದು ರಾತ್ರಿ ರೈಲು ಹಿಡಿದು ಬೆಳಿಗ್ಗೆ ಬಳ್ಳಾರಿ.

ಬರೀ ಗೇಟ್ ಹೊರಗೆ ರೋಡಿನಾಗೆ ಪುಕ್ಕಟೆ ನಿಂತ್ರೆ ಕಾಣೋದು ಕಾರಿನ ಕರಿ ಗ್ಲಾಸು ಅಷ್ಟೇ.

ಯಾವ ದಿನ ಹೋಗ್ಬೇಕು ಅನ್ನೋದೂ ನೋಡ್ಕೋಬೇಕು. 2022ರಾಗೆ ಸೈಮಾ, ಅಂದ್ರೆ ದಕ್ಷಿಣದ ನಾಕು ಭಾಷೆ ಸಿನಿಮಾಗಳ ಅವಾರ್ಡ್ ಫಂಕ್ಷನ್ನು, ಬೆಂಗಳೂರಿನಾಗೇ ಆತು, ಸೆಪ್ಟೆಂಬರ್ 10ಕ್ಕೆ ತೆಲುಗು-ಕನ್ನಡ, 11ಕ್ಕೆ ತಮಿಳು-ಮಲಯಾಳಂ. ಬಳ್ಳಾರಿಯೋರಿಗೆ ಇಂಥಾ ಮೊದಲ ದಿನ ಬಂಪರ್, ಎರಡೂ ಭಾಷೆ ಸಿನಿಮಾ ಫಸ್ಟ್ ಡೇ ನೋಡೋ ಜನ ನಾವು. 2023, 24ರಾಗೆ ಅದೇ ಫಂಕ್ಷನ್ನು ದುಬೈಗೆ ಹೋತು, ಅಲ್ಲಿಗೆ ನಮ್ ಹಂಪಿ ಎಕ್ಸ್‌ಪ್ರೆಸ್ ಇಲ್ಲ.

ಹಂಪಿ ಉತ್ಸವ? ಪುಕ್ಕಟೆ, ಬಳ್ಳಾರಿಯಿಂದ ಅರವತ್ತು ಕಿಲೋಮೀಟರ್ ಚಿಲ್ಲರೆ, ಸ್ಟಾರ್‌ಗಳೂ ಬರ್ತಾರೆ, ಮೈಕ್ ಹಿಡಿದು ನಮ್ ಭಾಷೆನಾಗೆ ಎರಡು ಡೈಲಾಗ್ ಹೊಡೀತಾರೆ. ಆದ್ರೆ ಮುಂದೆಲ್ಲಾ ವಿಐಪಿ ಸೋಫಾ, ನಾವು ಹಿಂದೆ. ಮನೆಮಂದಿ, ಮಕ್ಳು ಇದ್ರೆ ಕಣ್ಮುಚ್ಚಿ ಇದಕ್ಕೇ ಹೋಗ್ರಿ. ಒಬ್ರೇ ಆದ್ರೆ, ಜೇಬಿನಾಗೆ ಎರಡು ಸಾವಿರದೊಳಗೆ ಇದ್ರೆ, ಬ್ಯಾರಿಕೇಡು. ಬೆಂಗಳೂರಿನಾಗೆ ಚಿಕ್ಕಮ್ಮನೋ ಸೋದರಮಾವನೋ ಇದ್ದು ರಾತ್ರಿ ಒಂದೂವರೆಗೆ ಬಾಗ್ಲು ತೆಗೀತಾರೆ ಅಂದ್ರೆ ಕುರ್ಚಿ ಪಾಸು ತಗೊಳ್ರಿ, ಬ್ಯಾಗನ್ನೂ ಅವ್ರ ಮನೇಲೇ ಇಡ್ರಿ.