ಸ್ಪೆಕ್ಟ್ರಮ್ 48ಕೆ: ಅಕ್ಕ ನಡೆಸೋದು, ನಾನು ಹಾರಿಸೋದು

ಸಿಂಕ್ಲೇರ್ ಝಡ್‌ಎಕ್ಸ್ ಸ್ಪೆಕ್ಟ್ರಮ್ ಅನ್ನೋ ಹೋಮ್ ಕಂಪ್ಯೂಟರ್ ಮಾರ್ಕೆಟ್‌ಗೆ ಬಂದಿದ್ದು 1982ರಲ್ಲಿ, ನಮ್ಮನೆಗೆ ಬಂದಿದ್ದು ಅದಾಗಿ ಒಂದೆರಡು ವರ್ಷಕ್ಕೆ, ಅವತ್ತಿಂದ ಇವತ್ತಿನವರೆಗೂ ನಾನೂ ನಮ್ಮಕ್ಕನೂ ಅದರಲ್ಲಿ ಆಡ್ತಾನೇ ಇದೀವಿ. ಹಳೇ ಮಷೀನ್ ಒಂದನ್ನ ತಗೊಳ್ಳೋಣ ಅಂತ ಯೋಚನೆ ಮಾಡ್ತಿರೋರಿಗೆ ಸಹಾಯ ಆಗ್ಲಿ ಅಂತ ಬರೀತಿದೀನಿ.

ಮೊದಲು ಲೋಡಿಂಗ್ ಬಗ್ಗೆ, ಯಾಕಂದ್ರೆ ನನ್ನ ನೆನಪಲ್ಲಿ ಅರ್ಧ ಭಾಗ ಅದೇ ಇದೆ. ಆಟ ಇರ್ತಿದ್ದಿದ್ದು ಮಾಮೂಲಿ ಆಡಿಯೋ ಕ್ಯಾಸೆಟ್‌ನಲ್ಲಿ. ಜೆ ಕೀ ಒತ್ತಿದ್ರೆ ಲೋಡ್ ಅನ್ನೋ ಪೂರ್ತಿ ಪದ ಸ್ಕ್ರೀನ್ ಮೇಲೆ ಬರ್ತಿತ್ತು, ಆಮೇಲೆ ಎರಡು ಕೊಟೇಶನ್ ಚಿಹ್ನೆ, ಎಂಟರ್, ಟೇಪ್ ರೆಕಾರ್ಡರ್‌ನಲ್ಲಿ ಪ್ಲೇ. ಸ್ಕ್ರೀನ್ ಅಂಚಲ್ಲಿ ಮೊದಲು ಕೆಂಪು ಮತ್ತು ತಿಳಿ ನೀಲಿಯ ದಪ್ಪ ಪಟ್ಟಿಗಳು, ಒಂದೇ ಸಮನೆ ಕೂಗೋ ಶಬ್ದ, ಆಮೇಲೆ ಡೇಟಾ ಶುರುವಾದ ತಕ್ಷಣ ಹಳದಿ ಮತ್ತು ಕಡು ನೀಲಿಯ ಸಣ್ಣ ಗೆರೆಗಳು ಕುಣಿಯೋಕೆ ಶುರು. ಲೋಡಿಂಗ್ ಚಿತ್ರ ಮೇಲಿಂದ ಕೆಳಗೆ ನೇರವಾಗಿ ಬರ್ತಿರಲಿಲ್ಲ, ಸ್ಕ್ರೀನನ್ನ ಮೂರು ಭಾಗ ಮಾಡ್ಕೊಂಡು ಒಂದೊಂದು ಭಾಗದಲ್ಲೂ ಗೆರೆ ಬಿಟ್ಟು ಗೆರೆ ತುಂಬ್ಕೊಂಡು ಬರ್ತಿತ್ತು, ಮೆಮೊರಿಯಲ್ಲಿ ಅದನ್ನ ಜೋಡಿಸಿರೋ ರೀತಿನೇ ಹಾಗೆ, ಕೊನೆಗೆ ಕಪ್ಪು ಬಿಳುಪು ಚಿತ್ರದ ಮೇಲೆ ಬಣ್ಣ ಸರಸರ ಅಂತ ಹರಿದು ಬರ್ತಿತ್ತಲ್ಲ, ಆ ಕ್ಷಣಕ್ಕೆ ನಾವಿಬ್ರೂ ಉಸಿರು ಬಿಗಿಹಿಡಿದು ಕಾಯ್ತಿದ್ವಿ. ದೊಡ್ಡ ಆಟ ಆದ್ರೆ ಐದು ನಿಮಿಷ ಬೇಕು. ನಾಲ್ಕೂವರೆ ನಿಮಿಷಕ್ಕೆ "ಟೇಪ್ ಲೋಡಿಂಗ್ ಎರರ್" ಬಂದ್ರೆ ಮತ್ತೆ ಮೊದಲಿಂದ! ನಮ್ಮ ರೆಕಾರ್ಡರ್ ಹೆಡ್ ಸ್ವಲ್ಪ ಓರೆ ಆಗಿತ್ತು, ಅಕ್ಕ ಸಣ್ಣ ಸ್ಕ್ರೂಡ್ರೈವರ್ ಹಿಡ್ಕೊಂಡು ಶಬ್ದ ಚೂಪಾಗಿ ಕೇಳೋವರೆಗೂ ಸ್ಕ್ರೂ ತಿರುಗಿಸೋಳು, ಕಿವಿಯಲ್ಲೇ ಅಳತೆ.

ಆಟ ಅಂದ್ರೆ ನಮಗೆ ಮ್ಯಾನಿಕ್ ಮೈನರ್. 1983ರದ್ದು, ಬರೆದಿದ್ದು ಮ್ಯಾಥ್ಯೂ ಸ್ಮಿತ್ ಅನ್ನೋ ಹದಿಹರೆಯದ ಹುಡುಗ. 20 ಗುಹೆ, ಕೆಳಗೆ ಕಮ್ಮಿ ಆಗ್ತಾ ಹೋಗೋ ಗಾಳಿಯ ಪಟ್ಟಿ, ಎತ್ತರದಿಂದ ಬಿದ್ರೆ ಸಾವು, ನಡುವೆ ಸೇವ್ ಮಾಡೋ ಹಾಗಿಲ್ಲ, ಎಲ್ಲಾ ಜೀವ ಮುಗಿದ್ರೆ ಮೇಲಿಂದ ಒಂದು ದೊಡ್ಡ ಬೂಟು ಇಳಿದು ಆಟದ ನಾಯಕ ವಿಲ್ಲಿನ ತುಳಿದು ಹಾಕುತ್ತೆ. ಇದರ ಕೀಗಳನ್ನ ಜೋಡಿಸಿರೋ ರೀತಿ ನಂಗೆ ಇವತ್ತಿಗೂ ಇಷ್ಟ: ಕ್ಯೂ ಎಡಕ್ಕೆ, ಡಬ್ಲ್ಯೂ ಬಲಕ್ಕೆ, ಇ ಎಡಕ್ಕೆ, ಆರ್ ಬಲಕ್ಕೆ, ಹೀಗೆ ಆ ಸಾಲು ಪೂರ್ತಿ, ಮತ್ತೆ ಕೆಳಗಿನ ಸಾಲಲ್ಲಿ ಯಾವ ಕೀ ಒತ್ತಿದ್ರೂ ಜಿಗಿತ. ಅದಕ್ಕೇ ಒಂದೇ ಕೀಬೋರ್ಡ್‌ನಲ್ಲಿ ಇಬ್ಬರು ಕೂತು ಒಬ್ಬ ವಿಲ್ಲಿನ ಆಡಿಸಬಹುದಿತ್ತು, ಅಕ್ಕ ನಡೆಸೋದು, ನಾನು ಹಾರಿಸೋದು. "ಈಗ" ಅಂತ ಅವಳು ಅನ್ನೋದು, ನಾನು ಒತ್ತೋದು, ತಡ ಆದ್ರೆ ಒಂದು ಜೀವ ಹೋಯ್ತು. ಆಟ ನಡೀತಿರುವಾಗಲೇ ಸಂಗೀತ ಬೇರೆ, ಅದೂ ಪ್ರೊಸೆಸರ್ರೇ ಸ್ಪೀಕರನ್ನ ಆನ್ ಆಫ್ ಮಾಡ್ತಾ ಹೊರಡಿಸೋ ಗರಗರ ಸಂಗೀತ, ಬೇರೆ ಸೌಂಡ್ ಚಿಪ್ಪೇ ಇಲ್ಲ.

ಬಣ್ಣ ಒಂದಕ್ಕೊಂದು ಅಂಟಿಕೊಳ್ಳುತ್ತೆ ಅನ್ನೋ ದೂರು ಎಲ್ಲರೂ ಹೇಳ್ತಾರೆ, ನಿಜಾನೇ. ಸ್ಕ್ರೀನ್ 256 x 192 ಚುಕ್ಕೆ, ಆದ್ರೆ ಬಣ್ಣ ಮಾತ್ರ 8 x 8 ಚುಕ್ಕೆಯ ಒಂದೊಂದು ಚೌಕಕ್ಕೆ ಎರಡೇ. ಹೀಗಾಗಿ ಪೂರ್ತಿ ಚಿತ್ರ 6,912 ಬೈಟ್‌ನಲ್ಲಿ ಕೂರುತ್ತೆ. ಪ್ರತಿ ಚುಕ್ಕೆಗೂ ಬೇರೆ ಬಣ್ಣ ಕೊಡೋಕೆ ಹೋಗಿದ್ರೆ, ನಾಲ್ಕು ಬಿಟ್ ಲೆಕ್ಕದಲ್ಲಿ 24,576 ಬೈಟ್ ಬೇಕು, ಇರೋ 48ಕೆ ಮೆಮೊರಿಯಲ್ಲಿ ಸರಿಯಾಗಿ ಅರ್ಧ! ಆಟಕ್ಕೆ ಜಾಗ ಎಲ್ಲಿ ಉಳೀತಿತ್ತು ಹೇಳಿ. 1984ರ ನೈಟ್ ಲೋರ್ ಅನ್ನೋ ಆಟ ಮಾಡಿದೋರು ಒಂದೊಂದು ಕೋಣೆಗೂ ಒಂದೇ ಬಣ್ಣ ಇಟ್ಟು ಈ ತೊಂದರೆ ಬರದ ಹಾಗೆ ನೋಡ್ಕೊಂಡ್ರು, ಮೂರು ಆಯಾಮದ ಕೋಣೆಗಳನ್ನ ಅದರಲ್ಲಿ ಮೊದಲ ಸಲ ನೋಡಿದಾಗ ನಾವಿಬ್ರೂ ಆಟ ಆಡೋದು ಬಿಟ್ಟು ಸುಮ್ನೆ ನೋಡ್ತಾ ಕೂತಿದ್ವಿ. ಆಮೇಲೆ ಅಕ್ಕ ಅದರ ಕೋಣೆಗಳ ಮ್ಯಾಪ್‌ನ ಗ್ರಾಫ್ ಶೀಟ್ ಮೇಲೆ ಬರೆದಳು, ಈಗಲೂ ಇದೆ.

ಈಗ ತಗೊಳ್ಳೋರಿಗೆ. ಅಡಾಪ್ಟರ್ ಹುಷಾರು, 9 ವೋಲ್ಟ್, ಪಿನ್ನಿನ ನಡುಭಾಗ ನೆಗೆಟಿವ್, ಈಗ ಸಿಗೋ ಬಹಳಷ್ಟು ಅಡಾಪ್ಟರ್ ಇದಕ್ಕೆ ಉಲ್ಟಾ ಇರುತ್ತೆ, ಸಿಕ್ಕಿದ್ದನ್ನ ಚುಚ್ಚಬೇಡಿ. ಇಷ್ಟು ವರ್ಷದ ಕೆಪಾಸಿಟರ್‌ಗಳನ್ನ ಬದಲಾಯಿಸಿಬಿಡಿ. ಹೊಸ ಟಿವಿಗೆ ಹಳೇ ಆಂಟೆನಾ ಸಿಗ್ನಲ್ ಬದಲು ನೇರ ವಿಡಿಯೋ ಕೊಡೋ ಕಾಂಪೊಸಿಟ್ ಔಟ್‌ಪುಟ್ ಮಾಡಿಸ್ಕೊಂಡ್ರೆ ಚಿತ್ರ ಸ್ಪಷ್ಟ ಆಗುತ್ತೆ, ಟಿವಿನ ಗೇಮ್ ಮೋಡ್‌ಗೆ ಹಾಕೋದು ಮರೀಬೇಡಿ, ಇಲ್ಲದಿದ್ರೆ ಒತ್ತಿದ್ದಕ್ಕೂ ಹಾರಿದ್ದಕ್ಕೂ ನಡುವೆ ಬರೋ ಆ ಚೂರು ತಡವೇ ಸಾಕು, ಮ್ಯಾನಿಕ್ ಮೈನರ್‌ನಲ್ಲಿ ಸತ್ತಂಗೆ. ಈಗಿನ ಕಂಪ್ಯೂಟರ್‌ನಲ್ಲೇ ಸ್ಪೆಕ್ಟ್ರಮ್ ಥರ ನಡೆಯೋ ಎಮ್ಯುಲೇಟರ್ ಸಾಫ್ಟ್‌ವೇರ್ ಕೂಡ ಚೆನ್ನಾಗಿದೆ, ಎಸ್‌ಡಿ ಕಾರ್ಡ್ ಹಾಕೋ ಸಾಧನಗಳೂ ಇವೆ, ಕ್ಷಣದಲ್ಲಿ ಆಟ ಶುರು. ನಾನು ಎರಡನ್ನೂ ಇಟ್ಕೊಂಡಿದೀನಿ, ಬಳಸೋದು ಮಾತ್ರ ಟೇಪೇ ಜಾಸ್ತಿ, ಆ ಪಟ್ಟಿಗಳು ಓಡದೆ ಆಟ ಬಂದ್ರೆ ನಂಗೆ ಆಡಿದಂಗೇ ಅನ್ಸಲ್ಲ.

ಐದಕ್ಕೆ ಐದು ಸ್ಟಾರ್ ಕೊಡ್ತಿದೀನಿ. ಹೋದ ತಿಂಗಳು ಅಕ್ಕ ಬಂದಿದ್ಲು, ಟೇಪ್ ಹಾಕಿ ಕೂತ್ವಿ, ರಬ್ಬರ್ ಕೀಗಳ ಮೇಲೆ ಅವಳ ಬೆರಳು ತಾನಾಗಿಯೇ ಕ್ಯೂ ಡಬ್ಲ್ಯೂ ಮೇಲೆ ಹೋಯ್ತು, ನಂದು ಕೆಳಗಿನ ಸಾಲಿಗೆ. ಏಳನೇ ಗುಹೆವರೆಗೂ ಹೋದ್ವಿ.