ಪಾಲಿಸಿ ರದ್ದಾದ ಮೇಲೂ ನಿಲ್ಲದ ಕಡಿತ: ಒಂದು ಆರೋಗ್ಯ ವಿಮಾ ಕಂಪನಿಯ ಸೇವೆಯ ವಿಮರ್ಶೆ

ಪಾಲಿಸಿಯನ್ನು ಮಾರುವಾಗ ಇರುವ ಚುರುಕು ಅದನ್ನು ಹಿಂದಕ್ಕೆ ಪಡೆಯುವಾಗಲೂ ಇರುತ್ತದೆಯೇ ಎಂಬುದನ್ನು ನೋಡಿಯೇ ವಿಮಾ ಕಂಪನಿಯ ಸೇವೆಯನ್ನು ಅಳೆಯಬೇಕು. 2025ರ ದೀಪಾವಳಿಯ ನಂತರ ಬೆಂಗಳೂರಿನ ಬ್ಯಾಂಕ್ ಶಾಖೆಯೊಂದರ ಮೂಲಕ ಕೊಂಡು, ಫ್ರೀ ಲುಕ್ ಅವಧಿಯೊಳಗೇ (ದಾಖಲೆ ಓದಿ ಬೇಡವೆನಿಸಿದರೆ ಪಾಲಿಸಿಯನ್ನು ಹಿಂದಿರುಗಿಸಲು ಇರುವ ಕಾಲಾವಕಾಶ) ನಾನು ರದ್ದುಪಡಿಸಿದ ಕುಟುಂಬ ಆರೋಗ್ಯ ವಿಮೆಯ ಅನುಭವದಿಂದ ಹೇಳುವುದಾದರೆ, ಆ ಕಂಪನಿಗೆ ಐದಕ್ಕೆ ಎರಡು ಅಂಕ ಸಲ್ಲುತ್ತದೆ. ಅದರಲ್ಲೊಂದು, ರದ್ದತಿಯ ಅರ್ಜಿಯನ್ನು ತಕರಾರಿಲ್ಲದೆ ಸ್ವೀಕರಿಸಿ ಕೋರಿಕೆ ಸಂಖ್ಯೆಯನ್ನು ಕೂಡಲೇ ಕಳುಹಿಸಿದ್ದಕ್ಕೆ.

ರದ್ದುಪಡಿಸಿದ್ದು ಆಸ್ಪತ್ರೆಯ ಕೊಠಡಿ ಬಾಡಿಗೆಯ ಕಾರಣಕ್ಕೆ. ಮಿತಿಯೇ ಇಲ್ಲವೆಂದು ಶಾಖೆಯಲ್ಲಿ ಹೇಳಿದ್ದರು. ಕೈಗೆ ಬಂದ ದಾಖಲೆಯಲ್ಲಿ ದಿನಕ್ಕೆ ವಿಮಾ ಮೊತ್ತದ ಶೇ 1ರ ಮಿತಿ ಇತ್ತು. ಮಿತಿ ಮೀರಿದ ಕೊಠಡಿಗೆ ದಾಖಲಾದರೆ ವೈದ್ಯರ ಶುಲ್ಕದಂಥ ಇತರ ಬಾಬತ್ತುಗಳಲ್ಲೂ ಅದೇ ಅನುಪಾತದ ಕಡಿತವಾಗುವ ಷರತ್ತು ಆ ಪಾಲಿಸಿಯಲ್ಲಿದ್ದುದರಿಂದ ಅದು ನಮಗೆ ಒಪ್ಪಿಗೆಯಾಗಲಿಲ್ಲ.

ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2024ರಲ್ಲಿ ಹೊರಡಿಸಿದ ಪಾಲಿಸಿದಾರರ ಹಿತರಕ್ಷಣಾ ನಿಯಮಗಳ ಪ್ರಕಾರ, ದಾಖಲೆ ಕೈಸೇರಿದ 30 ದಿನಗಳೊಳಗೆ ಪಾಲಿಸಿಯನ್ನು ಹಿಂದಿರುಗಿಸಬಹುದು. ಆಗ ಕಂಪನಿ ಹಿಡಿದುಕೊಳ್ಳಬಹುದಾದದ್ದು ರಕ್ಷಣೆ ಜಾರಿಯಲ್ಲಿದ್ದ ದಿನಗಳಿಗೆ ತಕ್ಕ ಪ್ರೀಮಿಯಂ, ವೈದ್ಯಕೀಯ ತಪಾಸಣೆ ಮಾಡಿಸಿದ್ದರೆ ಅದರ ವೆಚ್ಚ ಮತ್ತು ಮುದ್ರಾಂಕ ಶುಲ್ಕ, ಇಷ್ಟೇ. ಹಣವನ್ನು ಕೋರಿಕೆ ತಲುಪಿದ 7 ದಿನಗಳೊಳಗೆ ಮರಳಿಸಬೇಕು. ನಮಗೆ ಹಣ ಬಂದದ್ದು ಆ ಗಡುವು ಮೀರಿ ಬಹಳ ದಿನಗಳಾದ ಮೇಲೆ, ಅದೂ ಮೂರು ಸಾವಿರಕ್ಕೂ ಹೆಚ್ಚು ರೂಪಾಯಿ ಕಡಿಮೆಯಾಗಿ, ಯಾವ ವಿವರಣೆಯೂ ಇಲ್ಲದೆ.

ಕಡಿತದ ಲೆಕ್ಕವನ್ನು ಬಾಬತ್ತುವಾರು ಲಿಖಿತವಾಗಿ ಕೊಡಿ ಎಂದು ಇಮೇಲ್ ಮೂಲಕ ಕೇಳಿದಾಗಲೇ ನಿಜವಾದ ವ್ಯವಹಾರ ಆರಂಭವಾಯಿತು. ಫೋನಿನಲ್ಲಿ ಮಾತನಾಡಿದ ಪ್ರತಿನಿಧಿ, ವಿನಯದಿಂದಲೇ, ಅದು ಜಿಎಸ್‌ಟಿ, ಸರ್ಕಾರಕ್ಕೆ ಕಟ್ಟಿಯಾಗಿದೆ ಎಂದರು. ವೈಯಕ್ತಿಕ ಹಾಗೂ ಕುಟುಂಬ ಆರೋಗ್ಯ ಪಾಲಿಸಿಗಳ ಮೇಲಿನ ಶೇ 18ರ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದಲೇ ತೆಗೆದುಹಾಕಲಾಗಿದ್ದು, ನಮ್ಮ ರಸೀದಿಯಲ್ಲೂ ತೆರಿಗೆಯ ಸಾಲು ಇಲ್ಲವೆಂದು ತೋರಿಸಿದ ಮೇಲೆ ಬಂದ ಲಿಖಿತ ಉತ್ತರದಲ್ಲಿ ಜಿಎಸ್‌ಟಿ ಮಾಯವಾಗಿ, ಅದರ ಜಾಗದಲ್ಲಿ ‘ವೈದ್ಯಕೀಯ ಪರಿಶೀಲನೆ’ ಮತ್ತು ‘ಆಡಳಿತ ಶುಲ್ಕ’ ಎಂಬ ಎರಡು ಬಾಬತ್ತುಗಳು ಕುಳಿತಿದ್ದವು. ತಪಾಸಣೆಯೆಂದು ನಡೆದದ್ದು ದೂರವಾಣಿಯಲ್ಲಿ ಕೇಳಿದ ಕೆಲವು ಪ್ರಶ್ನೆಗಳು ಮಾತ್ರ. ರಕ್ತ ತೆಗೆದವರಿಲ್ಲ, ಲ್ಯಾಬಿಗೆ ಕರೆದವರಿಲ್ಲ. ಆಡಳಿತ ಶುಲ್ಕಕ್ಕಂತೂ ನಿಯಮದಲ್ಲಿ ಜಾಗವೇ ಇಲ್ಲ. ಈ ಮೊತ್ತ ಚಿಕ್ಕದೆಂದು ಬಹುಪಾಲು ಗ್ರಾಹಕರು ಬಿಟ್ಟುಬಿಡುತ್ತಾರೆಂಬ ನಂಬಿಕೆಯ ಮೇಲೆಯೇ ಈ ಪದ್ಧತಿ ನಿಂತಿದೆಯೆಂದು ನನಗೆ ಅನ್ನಿಸುತ್ತದೆ.

ಇದರ ನಡುವೆ, ಪಾಲಿಸಿಯ ಜೊತೆಗೆ ಅಂಟಿಸಿದ್ದ ‘ವೆಲ್‌ನೆಸ್’ ಸದಸ್ಯತ್ವದ ಮಾಸಿಕ ಶುಲ್ಕ ಯುಪಿಐ ಆಟೋಪೇ ಮೂಲಕ ಮತ್ತೊಮ್ಮೆ ಕಡಿತವಾಗಲಿದೆಯೆಂಬ ಸಂದೇಶ ಬಂತು. ರಿಸರ್ವ್ ಬ್ಯಾಂಕಿನ ನಿಯಮದಂತೆ ಇಂಥ ಕಡಿತಕ್ಕೆ 24 ಗಂಟೆ ಮೊದಲು ಸೂಚನೆ ಕೊಡಬೇಕಾಗಿರುವುದರಿಂದ ಅದು ಕಣ್ಣಿಗೆ ಬಿತ್ತು. ಪಾಲಿಸಿ ರದ್ದಾದರೆ ಮ್ಯಾಂಡೇಟ್, ಅಂದರೆ ಹೀಗೆ ಹಣ ಕಡಿತ ಮಾಡಲು ನಾವು ಕೊಟ್ಟ ಅನುಮತಿ, ತಾನಾಗಿ ರದ್ದಾಗುವುದಿಲ್ಲ. ಅದನ್ನು ಯುಪಿಐ ಆ್ಯಪ್‌ನಲ್ಲಿ ನಾವೇ ರದ್ದುಪಡಿಸಬಹುದು, ಕಂಪನಿಯ ಒಪ್ಪಿಗೆ ಬೇಕಿಲ್ಲ. ಪಾಲಿಸಿಯೇ ಇಲ್ಲದವರಿಂದ ಸದಸ್ಯತ್ವದ ಹಣ ವಸೂಲಿ ಮಾಡಹೊರಟ ಕಂಪನಿ ಇದರ ಬಗ್ಗೆ ಒಂದು ಸಾಲಿನ ವಿಷಾದವನ್ನೂ ತಿಳಿಸಲಿಲ್ಲ.

ಕಂಪನಿಯ ದೂರು ಪರಿಹಾರ ಅಧಿಕಾರಿಗೆ ಬರೆದ ಪತ್ರಕ್ಕೆ ಹಳೆಯ ಉತ್ತರವೇ ಮರಳಿ ಬಂದಾಗ, ಐಆರ್‌ಡಿಎಐನ ಬಿಮಾ ಭರೋಸಾ ಜಾಲತಾಣದಲ್ಲಿ ದಾಖಲೆಗಳ ಸಮೇತ ದೂರು ದಾಖಲಿಸಿದೆ. 155255ಕ್ಕೆ ಕರೆ ಮಾಡಿಯೂ ಇದನ್ನು ಮಾಡಬಹುದು. ಆಮೇಲೆ ಕಂಪನಿಯ ಧಾಟಿ ಬದಲಾಯಿತು: ಎರಡೂ ಬಾಬತ್ತುಗಳ ಹಣ ಖಾತೆಗೆ ಬಂತು, ಜೊತೆಗೆ ಬಂದ ಪತ್ರದಲ್ಲಿ ಅದನ್ನು ‘ಸೌಹಾರ್ದದ ಕ್ರಮ’ ಎಂದು ಕರೆದಿದ್ದರು. ನಮ್ಮದೇ ಹಣವನ್ನು ಹಿಂದಿರುಗಿಸುವುದರಲ್ಲಿ ಸೌಹಾರ್ದ ಎಲ್ಲಿಂದ ಬಂತೋ ತಿಳಿಯದು. ಎರಡನೆಯ ಅಂಕ ಆ ಹಣ ಬಂದದ್ದಕ್ಕೆ, ಪತ್ರಕ್ಕಲ್ಲ.

ಮರುಪಾವತಿ ತಡವಾದರೆ ರಿಸರ್ವ್ ಬ್ಯಾಂಕ್ ನಿಗದಿಪಡಿಸುವ ‘ಬ್ಯಾಂಕ್ ದರ’ದ ಮೇಲೆ ಶೇ 2ರಷ್ಟು ಹೆಚ್ಚಿನ ಬಡ್ಡಿ ಕೊಡಬೇಕೆಂಬ ನಿಯಮವಿದ್ದರೂ, ಅದರ ಬಗ್ಗೆ ಕಂಪನಿ ಕೊನೆಯವರೆಗೂ ಬಾಯಿ ಬಿಡಲಿಲ್ಲ. ಹೀಗಾಗಿ ಬಡ್ಡಿಯ ದೂರನ್ನು ಜೆ.ಪಿ. ನಗರದ ಜೀವನ್ ಸೌಧದಲ್ಲಿರುವ, ವಿಮಾ ಕಂಪನಿಗಳ ವಿರುದ್ಧದ ದೂರುಗಳನ್ನು ವಿಚಾರಿಸಿ ತೀರ್ಪು ಕೊಡುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಸಲ್ಲಿಸಿದ್ದೇನೆ. ಅಲ್ಲಿ ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ. ಆದರೆ ಕಂಪನಿ ದೂರನ್ನು ತಿರಸ್ಕರಿಸಿದ ದಿನದಿಂದ ಒಂದು ವರ್ಷದೊಳಗೆ ಹೋಗಬೇಕು. ತೀರ್ಪು ಇನ್ನೂ ಬಂದಿಲ್ಲ.