ಹಳೇ ಡಿಸ್ಕು, ಹಳೇ ಫೋನು: ಎದುರಿಗೇ ಮಾರೋದಾ, ಆನ್‌ಲೈನಾ? ಆರು ವರ್ಷದ ಅನುಭವ

ಆರು ವರ್ಷಗಳಿಂದ ಮನೆಯಲ್ಲಿ ಬಳಸಿ ಬಿಟ್ಟ ಸಾಮಾನುಗಳನ್ನು ಎರಡೂ ರೀತಿಯಲ್ಲಿ ಮಾರುತ್ತಾ ಬಂದಿದ್ದೇನೆ. ಕೆಲವನ್ನು ಹತ್ತಿರದವರಿಗೆ ಕೈಯಾರೆ ಕೊಟ್ಟಿದ್ದೇನೆ. ಕೆಲವನ್ನು ಆನ್‌ಲೈನ್‌ನಲ್ಲಿ ಹಾಕಿ ಪಾರ್ಸೆಲ್ ಮಾಡಿದ್ದೇನೆ. ಸಿಡಿ, ಡಿವಿಡಿ, ಎಲ್‌ಪಿ ರೆಕಾರ್ಡು, ಗೇಮ್ ಕನ್ಸೋಲು, ಮೂರು ಫೋನು, ಎರಡು ಲ್ಯಾಪ್‌ಟಾಪು, ಒಂದು ಆಂಪ್ಲಿಫೈಯರು, ಒಂದು ಜೋಡಿ ಸ್ಪೀಕರು. ಯಾವ ದಾರಿ ಒಳ್ಳೇದು ಅಂತ ಯಾರಾದರೂ ಕೇಳಿದರೆ, ಮಾರುತ್ತಿರೋದು ಏನು ಅಂತ ನಾನು ಮೊದಲು ಕೇಳುತ್ತೇನೆ.

ನನಗೆ ಕಂಡ ದೊಡ್ಡ ವ್ಯತ್ಯಾಸ ಹಣದ್ದಲ್ಲ, ತಕರಾರು ಯಾವಾಗ ಬರುತ್ತದೆ ಅನ್ನೋದು. ಎದುರಿಗೆ ಮಾರಿದರೆ ಎಲ್ಲಾ ಪ್ರಶ್ನೆಗಳೂ ವಸ್ತು ಕೈ ಬದಲಾಗುವ ಮೊದಲೇ ಬರುತ್ತವೆ. ಆನ್‌ಲೈನ್‌ನಲ್ಲಿ ಅದು ನಮ್ಮ ಕೈಬಿಟ್ಟ ಮೇಲೆ ಶುರುವಾಗುತ್ತವೆ.

ಇದು ನನಗೆ ಅರ್ಥವಾಗಿದ್ದು ಆಂಪ್ಲಿಫೈಯರ್ ಮಾರಿದಾಗ. ಚೆನ್ನಾಗಿ ಕೆಲಸ ಮಾಡುತ್ತಿತ್ತು. ಎರಡು ಪೆಟ್ಟಿಗೆ, ನಡುವೆ ದಪ್ಪ ಥರ್ಮೋಕೋಲು, ಎಲ್ಲಾ ಹಾಕಿ ಕಳಿಸಿದೆ. ಆಂಪ್ಲಿಫೈಯರಿನ ತೂಕದಲ್ಲಿ ಹೆಚ್ಚಿನ ಪಾಲು ಒಳಗಿನ ಟ್ರಾನ್ಸ್‌ಫಾರ್ಮರಿನದೇ. ದಾರಿಯಲ್ಲಿ ಎಲ್ಲೋ ಪೆಟ್ಟಿಗೆ ಕೆಳಗೆ ಬಿದ್ದಿದೆ. ಹೊರಗೆ ಒಂದು ಮೂಲೆ ಮಾತ್ರ ನಜ್ಜುಗುಜ್ಜಾಗಿತ್ತು, ಒಳಗೆ ಟ್ರಾನ್ಸ್‌ಫಾರ್ಮರ್ ಸ್ಕ್ರೂ ಸಮೇತ ಕಿತ್ತುಬಂದು ಸರ್ಕ್ಯೂಟ್ ಬೋರ್ಡನ್ನು ಮುರಿದಿತ್ತು. ಕೊಂಡವರು ಕಳಿಸಿದ ಫೋಟೋ ನೋಡಿ ಹೊಟ್ಟೆ ಉರಿಯಿತು. ಪೂರ್ತಿ ಹಣ ವಾಪಸ್ ಕೊಟ್ಟೆ. ಅವರದೇನೂ ತಪ್ಪಿರಲಿಲ್ಲ.

ಅದಾದ ಮೇಲೆ ಸ್ಪೀಕರುಗಳನ್ನು ಎದುರಿಗೇ ಮಾರಿದೆ. ಬಂದವರು ತಮ್ಮದೇ ವೈರು, ತಮ್ಮದೇ ಸಿಡಿ ತಂದಿದ್ದರು. ಅರ್ಧ ಗಂಟೆ ಕೂತು ಕೇಳಿದರು. ಆಮೇಲೆ ಎಡಗಡೆ ಸ್ಪೀಕರಿನ ಜಾಲರಿ ತೆಗೆದು, "ಸರ್, ಇಲ್ಲಿ ನೋಡಿ" ಅಂದರು. ಕಂಪಿಸಿ ಸದ್ದು ಹೊರಡಿಸುವ ಕೋನಿನ ಸುತ್ತ ಇರುವ ಫೋಮ್ ಅಂಚು ಪುಡಿಪುಡಿಯಾಗುತ್ತಿತ್ತು. ಆ ಫೋಮ್ ಬಳಸದೇ ಇಟ್ಟರೂ ವರ್ಷ ಕಳೆದಂತೆ ಹಾಳಾಗುತ್ತದೆ. ನಾನು ಅದನ್ನು ಗಮನಿಸಿರಲಿಲ್ಲ. ಬೆಲೆ ಇಳಿಸಿದೆ, ಅವರು ಖುಷಿಯಿಂದ ಹೊತ್ತುಕೊಂಡು ಹೋದರು. ಇದೇ ಜೋಡಿಯನ್ನು ದೂರಕ್ಕೆ ಕಳಿಸಿದ್ದರೆ ನಾನು ಸುಳ್ಳುಗಾರ ಆಗುತ್ತಿದ್ದೆ, ಅಲ್ವಾ?

ರೆಕಾರ್ಡುಗಳ ಕಥೆ ಇದಕ್ಕೆ ಪೂರ್ತಿ ಉಲ್ಟಾ. ಹತ್ತಿರದವರು ಇಡೀ ಪೆಟ್ಟಿಗೆಗೆ ಒಂದೇ ರೇಟು ಕೇಳುತ್ತಾರೆ. ಅದರೊಳಗೆ ಏನಿದೆ ಅಂತ ನೋಡೋರು ಕಡಿಮೆ. ಆನ್‌ಲೈನ್‌ನಲ್ಲಿ ಹುಡುಕುವವರಿಗೆ ಬೇಕಾಗಿರೋದು ಬರೀ ಆ ಆಲ್ಬಮ್ ಅಲ್ಲ, ಅದರ ಒಂದು ನಿರ್ದಿಷ್ಟ ಮುದ್ರಣ. ಕೊನೆಯ ಹಾಡು ಮುಗಿದ ಮೇಲೆ ಲೇಬಲ್‌ವರೆಗೆ ಉಳಿಯುವ ಖಾಲಿ ಜಾಗದಲ್ಲಿ ಅದು ಯಾವ ಮುದ್ರಣ ಅಂತ ಗುರುತಿಸುವ ನಂಬರ್ ಸಣ್ಣದಾಗಿ ಕೊರೆದಿರುತ್ತದೆ. ಅದನ್ನು ಓದಿ ಬರೆದರೆ ಸಾಕು, ಗೊತ್ತಿರೋರು ತಾವಾಗಿ ಬರುತ್ತಾರೆ. ಒಂದು ವರ್ಷ ಯಾರೂ ಕೇಳದ ರೆಕಾರ್ಡು ನಂಬರ್ ಹಾಕಿದ ವಾರದಲ್ಲೇ ಹೋಯಿತು.

ಗ್ರೇಡಿಂಗ್, ಅಂದರೆ ಡಿಸ್ಕು ಎಷ್ಟು ಚೆನ್ನಾಗಿದೆ ಅಂತ ದರ್ಜೆ ಕೊಡೋದು, ಮಾತ್ರ ಕಲಿಯಲೇಬೇಕು. 2000ರಲ್ಲಿ ಶುರುವಾದ, ರೆಕಾರ್ಡು ಕೊಳ್ಳುವ ಮಾರುವ ಡಿಸ್ಕಾಗ್ಸ್ ಜಾಲತಾಣದಲ್ಲಿ ಇದಕ್ಕೆ ಗೋಲ್ಡ್‌ಮೈನ್ ಅನ್ನುವ ಪದ್ಧತಿ ಇದೆ. ಅದರಲ್ಲಿ ಮಿಂಟ್ ಮೇಲಿನದು, ನಂತರ ನಿಯರ್ ಮಿಂಟ್, ವೆರಿ ಗುಡ್ ಪ್ಲಸ್, ವೆರಿ ಗುಡ್. 'ಗುಡ್' ಬರೋದು ಅದಕ್ಕೂ ಕೆಳಗೆ, ಕೇಳುವಾಗ ಸದ್ದು ಗದ್ದಲ ಜಾಸ್ತಿ ಇರುವ ಡಿಸ್ಕಿಗೆ. ಅನುಮಾನ ಬಂದರೆ ನಾನು ಒಂದು ಮೆಟ್ಟಿಲು ಕೆಳಗೇ ಬರೆಯುತ್ತೇನೆ. ಕಳಿಸುವಾಗ ರೆಕಾರ್ಡನ್ನು ಕವರಿನಿಂದ ಹೊರಗೆ ತೆಗೆದು, ಒಳಹಾಳೆಯ ಸಮೇತ ಕವರಿನ ಪಕ್ಕದಲ್ಲಿ ಇಡಬೇಕು. ಒಳಗೇ ಬಿಟ್ಟರೆ ದಾರಿಯಲ್ಲಿ ಅಲುಗಾಡಿ ಡಿಸ್ಕಿನ ಅಂಚು ಕವರನ್ನು ಸೀಳುತ್ತದೆ.

ಸಿಡಿ, ಡಿವಿಡಿಗಳಿಗೆ ಈಗ ಎರಡೂ ಕಡೆ ಬೇಡಿಕೆ ಕಡಿಮೆ. ಬಿಡಿಬಿಡಿಯಾಗಿ ಕಳಿಸುವ ಶ್ರಮಕ್ಕೆ ಬೆಲೆಯಿಲ್ಲ, ನಾನು ಕಟ್ಟಾಗಿ ಹತ್ತಿರದಲ್ಲೇ ಕೊಟ್ಟುಬಿಡುತ್ತೇನೆ. ಅಪರೂಪದ್ದಿದ್ದರೆ ಆನ್‌ಲೈನ್, ಆದರೆ ರೀಜನ್ ಕೋಡ್, ಅಂದರೆ ಡಿಸ್ಕು ಯಾವ ಪ್ರದೇಶದ ಪ್ಲೇಯರಿಗೆ ಅನ್ನುವ ಗುರುತು, ಬರೆಯೋದು ಮರೆಯಬಾರದು. ಡಿವಿಡಿಗೆ 1ರಿಂದ 6ರವರೆಗೆ, ಬ್ಲೂ-ರೇಗೆ ಎ, ಬಿ, ಸಿ. ತಪ್ಪಿದರೆ ಅವರ ಪ್ಲೇಯರಿನಲ್ಲಿ ಓಡದೇ ಇರಬಹುದು.

ಕನ್ಸೋಲ್ ವಿಷಯದಲ್ಲಿ ಒಂದು ಕಹಿ ಅನುಭವ ಆಯಿತು. ಆನ್‌ಲೈನ್‌ನಲ್ಲಿ ಮಾರಿದ್ದು ಆನ್ ಆಗುತ್ತಿಲ್ಲ ಅಂತ ವಾಪಸ್ ಬಂತು. ತೆಗೆದು ನೋಡಿದರೆ ಸೀರಿಯಲ್ ನಂಬರೇ ಬೇರೆ. ಯಾರದೋ ಕೆಟ್ಟ ಕನ್ಸೋಲು ನನ್ನ ಪೆಟ್ಟಿಗೆಯಲ್ಲಿ! ಪ್ಯಾಕ್ ಮಾಡುವ ಮೊದಲು ಸೀರಿಯಲ್ ನಂಬರಿನ ಫೋಟೋ ತೆಗೆದಿದ್ದೆ, ಅದಕ್ಕೇ ಹಣ ಉಳಿಯಿತು. ಆದರೂ ಮೂರು ವಾರ ನಿದ್ದೆ ಸರಿ ಬರಲಿಲ್ಲ. ಈಗ ಪ್ರತಿ ವಸ್ತುವಿಗೂ ನಂಬರಿನ ಫೋಟೋ ಮತ್ತು ಅದು ಕೆಲಸ ಮಾಡುವ ಸಣ್ಣ ವಿಡಿಯೋ ತೆಗೆದಿಡುತ್ತೇನೆ.

ಫೋನು, ಲ್ಯಾಪ್‌ಟಾಪುಗಳನ್ನು ಎದುರಿಗಷ್ಟೇ ಮಾರುತ್ತೇನೆ. ಐಫೋನಿನಲ್ಲಿ 2013ರ ಐಒಎಸ್ 7ರಿಂದ ಆಕ್ಟಿವೇಶನ್ ಲಾಕ್ ಇದೆ, ಅಳಿಸಿದ ಮೇಲೂ ಹಳೇ ಮಾಲೀಕರ ಖಾತೆಯ ಪಾಸ್‌ವರ್ಡ್ ಕೇಳುವ ಬೀಗ ಅದು; ಆಂಡ್ರಾಯ್ಡ್ 5.1ರಿಂದ ಅಂಥದ್ದೇ ರಕ್ಷಣೆ ಬಂತು. ಖಾತೆಯಿಂದ ಸೈನ್ ಔಟ್ ಆಗದೆ ಸುಮ್ನೆ ಅಳಿಸಿ ಕೊಟ್ಟರೆ ಕೊಂಡವರಿಗೆ ಅದು ಬಳಕೆಗೇ ಬರಲ್ಲ. ಹಾಗಾಗಿ ಅವರ ಕಣ್ಣೆದುರೇ ಸೈನ್ ಔಟ್ ಮಾಡುತ್ತೇನೆ. *#06# ಒತ್ತಿ ಆ ಫೋನಿನದೇ ಗುರುತಾದ 15 ಅಂಕಿಯ ಐಎಂಇಐ ನಂಬರ್ ತೋರಿಸುತ್ತೇನೆ. ಬ್ಯಾಟರಿಯ ಮೂಲ ಸಾಮರ್ಥ್ಯದಲ್ಲಿ ಎಷ್ಟು ಶೇಕಡಾ ಉಳಿದಿದೆ ಅಂತ ಅವರೇ ನೋಡಲಿ. ಬ್ಯಾಟರಿ ಉಬ್ಬಿದ್ದರೆ ಮಾರುವ ಮಾತೇ ಇಲ್ಲ, ಅದು ಬೆಂಕಿ ಹೊತ್ತಿಕೊಳ್ಳುವ ವಸ್ತು, ಪಾರ್ಸೆಲ್ ಅಂತೂ ಮಾಡಲೇಬಾರದು. ಹಳೇ ಹಾರ್ಡ್ ಡಿಸ್ಕಿನ ಬಗ್ಗೆಯೂ ಒಂದು ಮಾತು: ಕ್ವಿಕ್ ಫಾರ್ಮ್ಯಾಟ್ ಮಾಡಿದರೆ ಫೈಲುಗಳ ಪಟ್ಟಿ ಹೋಗುತ್ತದೆ, ಫೈಲುಗಳು ಹೋಗಲ್ಲ. ಮನೆಯವರ ಫೋಟೋಗಳು ಇನ್ನೊಬ್ಬರ ಕೈಗೆ ಸಿಗೋದು ಬೇಡ. ಇಡೀ ಡಿಸ್ಕಿನ ಮೇಲೆ ಬೇರೆ ಡೇಟಾ ಬರೆದು ಹಳೆಯದನ್ನು ಅಳಿಸಿ.

ಎದುರಿಗೆ ಮಾರುವುದರಲ್ಲಿ ಬೇಸರವೂ ಇದೆ. ಬರುತ್ತೇನೆ ಅಂದವರು ಬರಲ್ಲ. ಫೋನಿನಲ್ಲಿ ಒಪ್ಪಿದ ಬೆಲೆಯನ್ನು ಬಾಗಿಲಲ್ಲಿ ನಿಂತು ಅರ್ಧಕ್ಕೆ ಕೇಳುತ್ತಾರೆ. ನಾನು ಒಮ್ಮೆ ಮಾತ್ರ ಇಳಿಸುತ್ತೇನೆ, ಅದೂ ದೋಷ ತೋರಿಸಿದರೆ. ಗುರುತಿಲ್ಲದವರನ್ನು ಹಗಲಲ್ಲಿ, ಜನ ಇರುವ, ಪ್ಲಗ್ ಸಿಗುವ ಜಾಗದಲ್ಲಿ ಭೇಟಿಯಾಗುತ್ತೇನೆ.

1995ರಲ್ಲಿ ಈಬೇ ಅನ್ನುವ ಆನ್‌ಲೈನ್ ಹರಾಜು ತಾಣ ಶುರುವಾದಾಗ ಅಲ್ಲಿ ಮೊದಲು ಮಾರಾಟವಾದದ್ದು ಒಂದು ಕೆಟ್ಟುಹೋದ ಲೇಸರ್ ಪಾಯಿಂಟರ್. ಕೆಟ್ಟಿದೆ ಅಂತ ಗೊತ್ತಿದ್ದೇ ಒಬ್ಬರು ಕೊಂಡಿದ್ದರು. ನನ್ನ ಹಳೇ ಕ್ಯಾಸೆಟ್ ಡೆಕ್ಕಿನ ಬಗ್ಗೆ ಯೋಚಿಸುವಾಗಲೆಲ್ಲ ಇದು ನೆನಪಾಗುತ್ತದೆ. ಅದರ ರಬ್ಬರ್ ಬೆಲ್ಟು ಕರಗಿ ಅಂಟಾಗಿದೆ. ಆನ್‌ಲೈನ್‌ಗೆ ಹಾಕುವ ಮೊದಲು ಹತ್ತಿರದವರಿಗೆ ಕಾಣುವಂತೆ ಹಾಕೋಣ ಅಂತ, ಬೆಲ್ಟಿನ ಫೋಟೋ ಸಮೇತ ಎಲ್ಲವನ್ನೂ ಬರೆದು ಹಾಕಿದೆ. ಒಬ್ಬರು ಫೋನ್ ಮಾಡಿ, ತಮ್ಮ ಹತ್ತಿರ ಹೊಸ ಬೆಲ್ಟು ಇದೆ, ಹಾಕೋದೂ ಗೊತ್ತು ಅಂದರು. ಭಾನುವಾರ ಬೆಳಿಗ್ಗೆ ಸ್ಕ್ರೂಡ್ರೈವರ್ ಹಿಡಿದುಕೊಂಡೇ ಬರುತ್ತಿದ್ದಾರೆ.